ಟೈ ಕಾಬ್ ವಾದಕ್ಕೆ ಬೇಸ್‌ಬಾಲ್ ರೆಫರೆನ್ಸ್: ಯಾವ ಕಾಲಂ ನಂಬಬೇಕು, ಯಾವುದನ್ನು ಬಿಡಬೇಕು

ಬಳ್ಳಾರಿಯಲ್ಲಿ ಬೇಸ್‌ಬಾಲ್ ಬಗ್ಗೆ ಯಾರಪ್ಪಾ ವಾದ ಮಾಡುತ್ತಾರೆ ಎನ್ನುವವರಿಗೆ ಮೊದಲೇ ಉತ್ತರ ಕೊಟ್ಟುಬಿಡೋಣ. ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡಿಸುವ ಪಿ.ಟಿ. ಮಾಸ್ತರುಗಳು ಮಾಡುತ್ತಾರೆ, ಕ್ವಿಜ್‌ಗೆ ತಯಾರಾಗುವ ಹುಡುಗರು ಮಾಡುತ್ತಾರೆ. ‘ಬ್ರಾಡ್ಮನ್ ಈಗ ಆಡಿದ್ದರೆ 99.94 ಬರ್ತಿತ್ತಾ’ ಎಂದು ಮೋತಿ ಸರ್ಕಲ್ ಹತ್ತಿರ ವಗ್ಗಾಣಿ ಮಿರ್ಚಿ ತಟ್ಟೆ ಖಾಲಿಯಾಗುವವರೆಗೆ ಹಗ್ಗ ಜಗ್ಗುವವರಿಗೆ ಅದೇ ಜಗಳದ ಅಮೆರಿಕದ ರೂಪ ಸಿಕ್ಕರೆ ಅವರೂ ಬಿಡುವುದಿಲ್ಲ. ಆ ರೂಪದ ಹೆಸರು ಟೈ ಕಾಬ್. 1905ರಿಂದ 1928ರವರೆಗೆ 24 ಸೀಸನ್, ಅದರಲ್ಲಿ 22 ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ, ಕೊನೆಯ ಎರಡು ಫಿಲಡೆಲ್ಫಿಯಾ ಅಥ್ಲೆಟಿಕ್ಸ್‌ಗೆ. 1936ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಮೊದಲ ಸಲ ಮತ ಹಾಕಿದಾಗ 226 ಮತಗಳಲ್ಲಿ 222 ಇವನಿಗೆ ಬಿದ್ದವು. ಬೇಬ್ ರೂತ್‌ಗೆ ಬಿದ್ದದ್ದು 215. ಅಂದಿನವರ ಕಣ್ಣಲ್ಲಿ ಇವನೇ ಮೊದಲಿಗ. ಇಂದಿನವರನ್ನು ಕೇಳಿದರೆ ರೂತ್, ವಿಲೀ ಮೇಸ್, ಹೋನಸ್ ವಾಗ್ನರ್ ಎಂದು ಬೇರೆ ಬೇರೆ ಹೆಸರು ಬರುತ್ತವೆ.

ಈ ವಾದಕ್ಕೆ ಕೂರುವಾಗ ಎಲ್ಲರೂ ತೆರೆಯುವುದು ಬೇಸ್‌ಬಾಲ್ ರೆಫರೆನ್ಸ್ ಎಂಬ ಜಾಲತಾಣ. ಆಟಗಾರರ ಪುಟ ನೋಡಲು ದುಡ್ಡು ಕೊಡಬೇಕಿಲ್ಲ. ಈ ವಿಮರ್ಶೆ ಆ ತಾಣದ್ದು, ಅದರಲ್ಲೂ ಒಂದೇ ಕೆಲಸಕ್ಕೆ ಸಂಬಂಧಪಟ್ಟದ್ದು: ನೂರು ವರ್ಷ ಹಿಂದಿನ ಆಟಗಾರ ಎಷ್ಟು ದೊಡ್ಡವನು ಎಂದು ತೂಗಲು ಅದು ಎಷ್ಟರ ಮಟ್ಟಿಗೆ ಆಗಿಬರುತ್ತದೆ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಕಳೆದ ಒಂದು ಅಂಕ ತಾಣದ ತಪ್ಪಿಗೆ ಹೋದದ್ದು ಅರ್ಧ, ಆ ಕಾಲದ ಸ್ಕೋರರ್‌ಗಳ ತಪ್ಪಿಗೆ ಹೋದದ್ದು ಅರ್ಧ.

ಪುಟ ಹುಡುಕುವುದರಿಂದ ಶುರು ಮಾಡೋಣ. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಕಾಬ್ ಎಂದು ಇಂಗ್ಲಿಷ್‌ನಲ್ಲಿ ಹಾಕಿದರೆ ನಾಲ್ಕಾರು ಹೆಸರು ಬರುತ್ತವೆ. 1905–1928 ಎಂದಿರುವುದನ್ನು ಒತ್ತಬೇಕು. ಪದೇಪದೇ ಹೋಗುವವರಿಗೆ ಇದಕ್ಕಿಂತ ಬೇಗದ ದಾರಿ ಇದೆ. ಪ್ರತಿ ಆಟಗಾರನ ವಿಳಾಸವನ್ನೂ ಒಂದೇ ಸೂತ್ರದಲ್ಲಿ ಕಟ್ಟಿದ್ದಾರೆ: ಇಂಗ್ಲಿಷ್ ಕಾಗುಣಿತದ ಮನೆತನದ ಹೆಸರಿನಿಂದ ಮೊದಲ ಐದು ಅಕ್ಷರ, ಕರೆಯುವ ಹೆಸರಿನಿಂದ ಮೊದಲೆರಡು, ಕೊನೆಗೆ 01 (ಅದೇ ಅಕ್ಷರಗಳು ಇನ್ನೊಬ್ಬನಿಗೂ ಬಂದರೆ 02). ಕರೆಯುವ ಹೆಸರು ಎಂಬುದನ್ನು ಗಮನಿಸಿ. ರೂತ್‌ನ ನಿಜ ಹೆಸರು ಜಾರ್ಜ್ ಆದರೂ ವಿಳಾಸದಲ್ಲಿ ಬರುವುದು ಬೇಬ್‌ನ ಮೊದಲೆರಡು ಅಕ್ಷರ, ವಾಗ್ನರ್‌ಗೆ ಹೋನಸ್‌ನದು. ಈ ಸೂತ್ರ ತಲೆಯಲ್ಲಿದ್ದರೆ ಹುಡುಕಾಟದ ಪುಟಕ್ಕೆ ಹೋಗುವ ಕೆಲಸವೇ ಇರುವುದಿಲ್ಲ.

ಪುಟ ತೆರೆದ ಮೊದಲ ನಿಮಿಷದಲ್ಲೇ ಜಗಳ ಹತ್ತುತ್ತದೆ. ಹಳೆಯ ಕ್ವಿಜ್ ಪುಸ್ತಕ ಓದಿದವರು ಕಾಬ್‌ನ ಹಿಟ್‌ಗಳು, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ತಲುಪಿದ್ದು, 4,191, ಸರಾಸರಿ .367 ಎನ್ನುತ್ತಾರೆ. ತಾಣದಲ್ಲಿ ಇರುವುದು 4,189 ಮತ್ತು .366. ಎರಡು ಹಿಟ್ ಎಲ್ಲಿ ಹೋದವು? ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಈ ತಾಣದ ನಿಜವಾದ ಬೆಲೆ ತಿಳಿಯುವುದು ಇಲ್ಲೇ.

1910ರಲ್ಲಿ ಚಾಲ್ಮರ್ಸ್ ಎಂಬ ಕಾರು ಕಂಪನಿ, ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲು ಬಂದವನಿಗೆ ಒಂದು ಕಾರು ಕೊಡುತ್ತೇವೆ ಎಂದು ಸಾರಿತು. ಪೈಪೋಟಿ ಕಾಬ್‌ಗೂ ಕ್ಲೀವ್‌ಲ್ಯಾಂಡಿನ ನ್ಯಾಪ್ ಲಾಜೊಯ್‌ಗೂ ಬಿತ್ತು. ಸೀಸನ್‌ನ ಕೊನೆಯ ದಿನ, ಅಕ್ಟೋಬರ್ 9ರಂದು, ಸೇಂಟ್ ಲೂಯಿಸ್ ತಂಡದ ವಿರುದ್ಧ ಒಂದೇ ದಿನ ನಡೆದ ಎರಡು ಆಟಗಳಲ್ಲಿ ಲಾಜೊಯ್ ಎಂಟು ಹಿಟ್ ಪಡೆದ. ಎಂಟರಲ್ಲಿ ಏಳು ಬಂಟ್, ಅಂದರೆ ಚೆಂಡಿಗೆ ಬ್ಯಾಟು ಬೀಸದೆ ಸುಮ್ಮನೆ ತಾಗಿಸಿ ಓಡುವುದು. ಸೇಂಟ್ ಲೂಯಿಸ್‌ನ ಮ್ಯಾನೇಜರ್ ಜ್ಯಾಕ್ ಓ’ಕಾನರ್ ತನ್ನ ಥರ್ಡ್ ಬೇಸ್‌ನ ಹುಡುಗನನ್ನು ಬೇಕೆಂದೇ ಹಿಂದಕ್ಕೆ ನಿಲ್ಲಿಸಿದ್ದ. ಬಂಟ್ ಮಾಡಿದರೆ ಹಿಡಿಯುವವರೇ ಇರಲಿಲ್ಲ. ಕಾಬ್ ಕಂಡರೆ ಎಷ್ಟು ಜನಕ್ಕೆ ಆಗುತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಗಲಾಟೆಯಾಗಿ ಓ’ಕಾನರ್ ಕೆಲಸ ಕಳೆದುಕೊಂಡ. ಲೀಗ್ ಲೆಕ್ಕ ಹಾಕಿ ಕಾಬ್ .385, ಲಾಜೊಯ್ .384 ಎಂದು ಸಾರಿತು. ಕಾರು ಕಂಪನಿ ಇಬ್ಬರಿಗೂ ಒಂದೊಂದು ಕೊಟ್ಟು ಕೈತೊಳೆದುಕೊಂಡಿತು.

ತಪ್ಪು ಸಿಕ್ಕಿದ್ದು ಸುಮಾರು 70 ವರ್ಷದ ಮೇಲೆ. ಪೀಟ್ ಪಾಮರ್ ಎಂಬ ಅಂಕಿಅಂಶ ಸಂಶೋಧಕ ಹಳೆಯ ದಿನವಹಿ ಹಾಳೆಗಳನ್ನು ಒಂದೊಂದಾಗಿ ತಾಳೆ ನೋಡುವಾಗ, ಡೆಟ್ರಾಯಿಟ್‌ನ ಒಂದೇ ಆಟ ಎರಡು ಸಲ ಏರಿರುವುದು ಕಂಡಿತು. ಆ ಆಟದಲ್ಲಿ ಕಾಬ್ ಮೂರು ಸಲ ಬ್ಯಾಟ್ ಮಾಡಿ ಎರಡು ಹಿಟ್ ಪಡೆದಿದ್ದ. ಬಳ್ಳಾರಿಯ ಎಪಿಎಂಸಿಯಲ್ಲೋ ಜೀನ್ಸ್ ಘಟಕದಲ್ಲೋ ಲೆಕ್ಕ ಬರೆಯುವವರಿಗೆ ಇದನ್ನು ವಿವರಿಸಬೇಕಿಲ್ಲ: ಒಂದೇ ಬಿಲ್ಲು ಎರಡು ದಿನದ ತಾರೀಕಿಗೆ ಖಾತೆ ಹತ್ತಿದೆ, ಅಷ್ಟೇ. ವರ್ಷದ ಕೊನೆಗೆ ಮೊತ್ತ ಮಾತ್ರ ನೋಡಿದರೆ ಅದು ಸಿಗುವುದೇ ಇಲ್ಲ. ದಿನವಹಿ ಜತೆ ಇಟ್ಟು ನೋಡಬೇಕು. ಆ ಎರಡು ಹಿಟ್ ತೆಗೆದರೆ 1910ರ ಮೊದಲ ಸ್ಥಾನ ಲಾಜೊಯ್‌ಗೆ ಹೋಗುತ್ತದೆ. 1981ರಲ್ಲಿ ಇದು ಅಚ್ಚಾದಾಗ ಕಮಿಷನರ್ ಬೋವೀ ಕ್ಯೂನ್ ದಾಖಲೆ ತಿದ್ದಲು ಒಪ್ಪಲಿಲ್ಲ. ಹಾಗಾಗಿ ಅಧಿಕೃತ ಲೆಕ್ಕದಲ್ಲಿ ಇಂದಿಗೂ 4,191. ಬೇಸ್‌ಬಾಲ್ ರೆಫರೆನ್ಸ್ ತಿದ್ದಿದ ಲೆಕ್ಕವನ್ನೇ ಇಟ್ಟಿದೆ, ಅದು ಸರಿಯಾದ ನಿರ್ಧಾರ.

ಇದರ ಪರಿಣಾಮ ಬೇರೆಯವರಿಗೂ ತಟ್ಟುತ್ತದೆ. ಪೀಟ್ ರೋಸ್ ಕಾಬ್‌ನ ದಾಖಲೆ ಮುರಿದದ್ದು 1985ರ ಸೆಪ್ಟೆಂಬರ್ 11ರಂದು, ಸಿನ್ಸಿನಾಟಿಯಲ್ಲಿ, 4,192ನೇ ಹಿಟ್‌ನೊಂದಿಗೆ ಎಂದು ಎಲ್ಲರೂ ಬರೆಯುತ್ತಾರೆ. 4,189 ಸರಿ ಎಂದು ಹಿಡಿದರೆ ದಾಖಲೆ ಮೂರು ದಿನ ಮೊದಲೇ, ಸೆಪ್ಟೆಂಬರ್ 8ರಂದು ಶಿಕಾಗೋದಲ್ಲಿ ಮುರಿದಿತ್ತು. ಕ್ವಿಜ್ ಮಾಡುವವರು ಈ ಪ್ರಶ್ನೆ ಕೇಳುವಾಗ ಯಾವ ಲೆಕ್ಕ ಎಂದು ಹೇಳಿಯೇ ಕೇಳಬೇಕು. ಇಲ್ಲದಿದ್ದರೆ ವೇದಿಕೆಯ ಮೇಲೆಯೇ ಜಗಳ.

ಇನ್ನು ಸರಾಸರಿಯ ವಿಚಾರ. ಕ್ರಿಕೆಟ್ ಕಣ್ಣಿನವರು ಇಲ್ಲಿ ಮೊದಲು ಎಡವುತ್ತಾರೆ. ಕ್ರಿಕೆಟ್ ಸರಾಸರಿ ರನ್ನನ್ನು ಔಟ್‌ನಿಂದ ಭಾಗಿಸಿದ್ದು. ಬೇಸ್‌ಬಾಲ್ ಸರಾಸರಿ ಹಿಟ್ಟನ್ನು ಅಟ್ ಬ್ಯಾಟ್‌ನಿಂದ, ಅಂದರೆ ಬ್ಯಾಟ್ ಮಾಡಿದ ಸರದಿಗಳಿಂದ, ಭಾಗಿಸಿದ್ದು: 11,440 ಸಲಕ್ಕೆ 4,189 ಹಿಟ್, ಅದೇ .366. ಹತ್ತಕ್ಕೆ ಮೂರು ಬಂದರೇ ಒಳ್ಳೆಯ ಬ್ಯಾಟರ್. ನಾಲ್ಕು ತಪ್ಪು ಚೆಂಡಿಗೆ ಪುಕ್ಕಟೆ ಸಿಗುವ ವಾಕ್ ಈ ಲೆಕ್ಕದಲ್ಲಿ ಬರುವುದಿಲ್ಲ; ಒಂದು ಬೇಸ್‌ನ ಹಿಟ್ಟೂ ನಾಲ್ಕೂ ಬೇಸ್ ಸುತ್ತಿಸುವ ಹೋಮ್ ರನ್ನೂ ಇಲ್ಲಿ ಒಂದೇ. ಆದ್ದರಿಂದ ಸರಾಸರಿ ಒಂದನ್ನೇ ಹಿಡಿದು ಕಾಬ್ ಎಲ್ಲರಿಗಿಂತ ದೊಡ್ಡವನು ಎನ್ನುವುದು ಬಾಲಿಶ. ಮೂರು ಕಾಲಂ ಒಟ್ಟಿಗೆ ಓದಬೇಕು: ಸರಾಸರಿ .366, ಬೇಸ್ ತಲುಪಿದ ಪ್ರಮಾಣ ಸುಮಾರು .433, ಸ್ಲಗಿಂಗ್, ಅಂದರೆ ಪ್ರತಿ ಅಟ್ ಬ್ಯಾಟ್‌ಗೆ ಹೊಡೆದು ಗಳಿಸಿದ ಬೇಸ್‌ಗಳು, ಸುಮಾರು .512.

ಅದಕ್ಕಿಂತ ದೊಡ್ಡ ಕಂದಕ ಕಾಲದ್ದು. ಇದನ್ನು ತಾಣದಲ್ಲೇ ಎರಡು ನಿಮಿಷದಲ್ಲಿ ಮಾಡಿ ನೋಡಬಹುದು. ಕಾಬ್‌ನ ಪುಟದ ಮುಖ್ಯ ಪಟ್ಟಿಯಲ್ಲಿ 1908ರ ಸಾಲು ನೋಡಿ: .324. ಕಾಬ್‌ನ ಅಳತೆಗೆ ಸಾಧಾರಣ ಅನ್ನಿಸುತ್ತದೆ, ಆದರೂ ಆ ವರ್ಷ ಲೀಗಿಗೇ ಮೊದಲು. ಈಗ 1925ರ ಸಾಲು: .378. ಅದು ಮೊದಲ ಸ್ಥಾನವಲ್ಲ; ಅವನದೇ ತಂಡದ ಹ್ಯಾರಿ ಹೈಲ್ಮನ್ .393 ಹೊಡೆದಿದ್ದ. ಯಾಕೆ ಹೀಗೆ? ಪ್ರತಿ ಸಾಲಿನಲ್ಲೂ ಲೀಗ್‌ನ ಹೆಸರಿರುವ ಪುಟ್ಟ ಕಾಲಂ ಇದೆ, ಅದನ್ನು ಒತ್ತಿದರೆ ಆ ವರ್ಷದ ಲೀಗ್ ಪುಟ ತೆರೆಯುತ್ತದೆ, ತಂಡಗಳ ಪಟ್ಟಿಯ ಕೆಳಗೆ ಲೀಗ್ ಸರಾಸರಿಯ ಸಾಲು ಸಿಗುತ್ತದೆ. 1908ರಲ್ಲಿ ಕಾಬ್ ಆಡುತ್ತಿದ್ದ ಅಮೆರಿಕನ್ ಲೀಗ್ ಪೂರ್ತಿ ಹೊಡೆದದ್ದು .239. 1925ರಲ್ಲಿ .292. ಭಾಗಿಸಿ ನೋಡಿದರೆ 1908ರ ಕಾಬ್ ಲೀಗಿಗಿಂತ 36 ಶೇಕಡಾ ಮೇಲೆ, 1925ರ ಕಾಬ್ 29 ಶೇಕಡಾ ಮೇಲೆ. ಸಣ್ಣ ಅಂಕಿಯೇ ದೊಡ್ಡ ಸಾಧನೆ! 36 ಡಿಗ್ರಿ ಅಂದರೆ ಬಳ್ಳಾರಿಯಲ್ಲಿ ಮೇ ತಿಂಗಳಾದರೆ ತಂಪು, ಜನವರಿಯಾದರೆ ಸೆಕೆ. ತಿಂಗಳು ಹೇಳದೆ ಡಿಗ್ರಿ ಹೇಳಿ ಉಪಯೋಗವಿಲ್ಲ. 1911ರದ್ದನ್ನೂ ಹಾಕಿ ನೋಡಿ: ಅಧಿಕೃತ ಲೆಕ್ಕ .420, ಲೀಗ್ .273. ಸುಮಾರು ಒಂದೂವರೆ ಪಟ್ಟು. ಚೆಂಡಿನೊಳಗೆ ಕಾರ್ಕ್ ತಿರುಳು ಹಾಕಿದ್ದು ಆಗಲೇ, ಎಲ್ಲರ ಹೊಡೆತವೂ ಏರಿತ್ತು. ಆದರೂ ಇವನು ಅಷ್ಟು ಮೇಲಿದ್ದ.

ಆ ಕಾಲವನ್ನು ಸತ್ತ ಚೆಂಡಿನ ಕಾಲ ಎನ್ನುತ್ತಾರೆ. ಒಂದೇ ಚೆಂಡನ್ನು ಮಣ್ಣು, ಉಗುಳು, ತಂಬಾಕಿನ ರಸ ಹತ್ತಿ ಕಪ್ಪಾಗುವವರೆಗೆ ಆಡಿಸುತ್ತಿದ್ದರು. ಅದು ಮೆತ್ತಗಾಗಿ ದೂರ ಹೋಗುತ್ತಿರಲಿಲ್ಲ, ಸಂಜೆ ಬೆಳಕಲ್ಲಿ ಕಾಣುತ್ತಲೂ ಇರಲಿಲ್ಲ. 1920ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡಿನ ರೇ ಚಾಪ್ಮನ್ ತಲೆಗೆ ಚೆಂಡು ಬಿದ್ದು ಸತ್ತ. ಉಗುಳು ಹಚ್ಚಿ ಎಸೆಯುವುದನ್ನು ಅದೇ ವರ್ಷ ನಿಷೇಧಿಸಿದ್ದರು, ಚೆಂಡು ಎಸೆಯುವ ಹಳೆಯ 17 ಪಿಚರ್‌ಗಳಿಗೆ ಮಾತ್ರ ರಿಯಾಯಿತಿ. ಚೆಂಡು ಕೊಳೆಯಾದ ಕೂಡಲೇ ಬದಲಿಸುವುದು ಅಲ್ಲಿಂದ ಬಿಗಿಯಾಯಿತು. ರೂತ್‌ನ ಹೋಮ್ ರನ್‌ಗಳು ಮಳೆಗರೆಯತೊಡಗಿದ್ದೂ ಅದೇ ವರ್ಷ. ಕಾಬ್ ಪೂರ್ತಿ ವೃತ್ತಿಯಲ್ಲಿ ಹೊಡೆದ ಹೋಮ್ ರನ್ 117, ರೂತ್ 714. ಈ ಎರಡನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವವರಿಗೆ 1909ರ ಸಾಲು ತೋರಿಸಬೇಕು: ಆ ವರ್ಷ ಹೋಮ್ ರನ್‌ನಲ್ಲಿ ಲೀಗಿಗೇ ಮೊದಲು ಬಂದವನು ಕಾಬ್, ಹೊಡೆದದ್ದು ಒಂಬತ್ತು. ಒಂಬತ್ತೂ ಚೆಂಡು ಮೈದಾನದೊಳಗೇ ಉಳಿದು, ಓಡಿ ಗಳಿಸಿದವು.

ದೂರ ಹೊಡೆಯುವ ತೋಳು ಅವನಿಗಿರಲಿಲ್ಲ ಎನ್ನುವವರು ಆಟಗಳ ದಿನವಹಿ ಪುಟದಲ್ಲಿ 1925ರ ಮೇ 5ಕ್ಕೆ ಹೋಗಲಿ. ಸೇಂಟ್ ಲೂಯಿಸ್‌ನಲ್ಲಿ ಆರಕ್ಕೆ ಆರು ಹಿಟ್, ಮೂರು ಹೋಮ್ ರನ್, ಒಟ್ಟು 16 ಬೇಸ್. ಮರುದಿನ ಮತ್ತೆರಡು ಹೋಮ್ ರನ್. ಆಗ ಅವನಿಗೆ 38 ವರ್ಷ. ಈ ದಿನವಹಿ ಪುಟ ತಾಣದ ಅತ್ಯಂತ ಒಳ್ಳೆಯ ಭಾಗ. ಒಂದು ಅನುಕೂಲ ಬಹಳ ಜನಕ್ಕೆ ಗೊತ್ತಿಲ್ಲ: ಪಟ್ಟಿಯಲ್ಲಿ ಮೊದಲ ಸಾಲನ್ನೊಮ್ಮೆ, ಕೊನೆಯ ಸಾಲನ್ನೊಮ್ಮೆ ಒತ್ತಿದರೆ ನಡುವಿನ ಎಲ್ಲದರ ಮೊತ್ತ ತಾನಾಗಿ ಬರುತ್ತದೆ. ವರ್ಷವಾರು ಮುಖ್ಯ ಪಟ್ಟಿಯಲ್ಲೂ ಇದು ನಡೆಯುತ್ತದೆ; 1905ರಿಂದ 1919ರವರೆಗೆ ಮಾತ್ರ ಎಷ್ಟು, 1920ರಿಂದ ಎಷ್ಟು ಎಂದು ಸತ್ತ ಚೆಂಡಿನ ಕಾಬ್‌ನನ್ನೂ ಹೊಸ ಚೆಂಡಿನ ಕಾಬ್‌ನನ್ನೂ ಬೇರೆ ಮಾಡಲು ಇದೊಂದೇ ಸಾಕು, ಕ್ಯಾಲ್ಕುಲೇಟರ್ ಬೇಡ.

ಪ್ರತಿ ವರ್ಷ ಕೈಯಾರೆ ಭಾಗಿಸಲು ಬೇಸರವಾದವರಿಗೆ ಓಪಿಎಸ್ ಪ್ಲಸ್ ಎಂಬ ಕಾಲಂ ಇದೆ. ಬೇಸ್ ತಲುಪಿದ ಪ್ರಮಾಣ, ಸ್ಲಗಿಂಗ್ ಎರಡನ್ನೂ ಆ ವರ್ಷದ ಲೀಗಿಗೂ ಮೈದಾನಕ್ಕೂ ಹೊಂದಿಸಿ ಒಂದೇ ಅಂಕಿ ಮಾಡಿದ್ದು. 100 ಅಂದರೆ ಆ ವರ್ಷದ ಸಾಧಾರಣ ಬ್ಯಾಟರ್. ವೃತ್ತಿಯುದ್ದಕ್ಕೂ ಕಾಬ್ 168, ರೂತ್ 206, ವಾಗ್ನರ್ 151. ಮೇಲೆ ನೋಡಿದ 1908, 1925 ಎರಡು ವರ್ಷವೂ ಈ ಕಾಲಂನಲ್ಲಿ 170ರ ಆಸುಪಾಸಿಗೇ ಬಂದು ನಿಲ್ಲುತ್ತವೆ; .324 ಮತ್ತು .378ರ ನಡುವಿನ ಅಷ್ಟೂ ಅಂತರ ಚೆಂಡಿನದು ಎಂದಾಯಿತು. ಹಳೆಯ ಆಟಗಾರರನ್ನು ತೂಗುವವರು ಒಂದೇ ಒಂದು ಕಾಲಂ ಇಟ್ಟುಕೊಳ್ಳಬೇಕೆಂದರೆ ಇದನ್ನು ಇಟ್ಟುಕೊಳ್ಳಬೇಕು. ಇದರಲ್ಲಿ ಬೇಸ್ ಕದಿಯುವುದು (ಹೊಡೆತವಿಲ್ಲದೆಯೇ ಮುಂದಿನ ಬೇಸ್‌ಗೆ ಓಡಿ ಸೇರುವುದು), ಫೀಲ್ಡಿಂಗ್ ಬರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಅವೆರಡನ್ನೂ ಸೇರಿಸಿ ಮಾಡಿದ್ದು ವಾರ್. ಸುಲಭವಾಗಿ ಸಿಗುವ ಬದಲಿ ಆಟಗಾರನ ಜಾಗದಲ್ಲಿ ಇವನಿದ್ದರೆ ತಂಡ ಎಷ್ಟು ಆಟ ಹೆಚ್ಚು ಗೆಲ್ಲುತ್ತಿತ್ತು ಎಂಬ ಅಂದಾಜು ಅದು. ಸುಮಾರು ಹತ್ತು ರನ್‌ಗೆ ಒಂದು ಗೆಲುವು. ವಾದಕ್ಕೆ ಕೂತವರು ಅತಿ ಹೆಚ್ಚು ಎತ್ತುವುದೂ ಇದನ್ನೇ, ಅತಿ ಹೆಚ್ಚು ತಪ್ಪುವುದೂ ಇಲ್ಲೇ. ರೂತ್‌ನ ಪುಟದ ನೆತ್ತಿಯ ಮೇಲೆ 180 ದಾಟಿದ ಅಂಕಿ ಕಾಣುತ್ತದೆ, ಕಾಬ್‌ನದರಲ್ಲಿ ಸುಮಾರು 151. ಅಬ್ಬಾ ಇಷ್ಟು ಅಂತರವೇ ಎಂದು ಬಾಯಿ ತೆರೆಯುವ ಮೊದಲು ಕೆಳಗೆ ಹೋಗಿ ನೋಡಬೇಕು. ರೂತ್ ಮೊದಲು ಪಿಚರ್ ಆಗಿದ್ದವನು, 94 ಗೆದ್ದು 46 ಸೋತವನು. ಅದರ ಇಪ್ಪತ್ತು ಚಿಲ್ಲರೆ ಆ ಮೊತ್ತದಲ್ಲಿ ಸೇರಿದೆ. ಬ್ಯಾಟು ಹಿಡಿದ ರೂತ್ ಸುಮಾರು 162. ಆದರೂ ರೂತ್ ಮುಂದೆಯೇ, ಅದೂ ಕಾಬ್‌ಗಿಂತ 500ಕ್ಕೂ ಹೆಚ್ಚು ಆಟ ಕಡಿಮೆ ಆಡಿ. ಅಲ್ಲಿಗೆ ರೂತ್‌ನ ಪ್ರಶ್ನೆ ಮುಗಿಯಿತು; ಬ್ಯಾಟರ್ ಆಗಿ ಅವನಿಗೆ ಕಾಬ್ ಎರಡನೆಯವನು.

ವಾಗ್ನರ್‌ನ ಪ್ರಶ್ನೆ ಅಷ್ಟು ಸುಲಭವಿಲ್ಲ. ಬೇಸ್‌ಬಾಲ್ ರೆಫರೆನ್ಸ್ ಪ್ರಕಾರ ಅವನ ವಾರ್ ಸುಮಾರು 131, ಕಾಬ್‌ಗಿಂತ ಇಪ್ಪತ್ತು ಕಡಿಮೆ. ಇದೇ ಲೆಕ್ಕ ಕೊಡುವ ಇನ್ನೊಂದು ತಾಣ ಫ್ಯಾನ್‌ಗ್ರಾಫ್ಸ್‌ನಲ್ಲಿ ಕಾಬ್ ಸುಮಾರು 149, ವಾಗ್ನರ್ ಸುಮಾರು 138. ಅಂತರ ಅರ್ಧಕ್ಕೆ ಇಳಿಯಿತು. ಕಾಬ್ ಆಡಿದ್ದು 3,034 ಆಟ, ವಾಗ್ನರ್ ಸುಮಾರು 2,790. 150 ಆಟಕ್ಕೆ ಎಷ್ಟು ಎಂದು ಹಂಚಿದರೆ ಫ್ಯಾನ್‌ಗ್ರಾಫ್ಸ್ ಲೆಕ್ಕದಲ್ಲಿ ಇಬ್ಬರೂ 7.4ರ ಹತ್ತಿರ ಸಮ ನಿಲ್ಲುತ್ತಾರೆ. ಬೇಸ್‌ಬಾಲ್ ರೆಫರೆನ್ಸ್‌ನಲ್ಲಿ ಕಾಬ್ 7.5, ವಾಗ್ನರ್ 7. ಒಬ್ಬನೇ ಆಟಗಾರನಿಗೆ ಎರಡು ತಾಣ ಎರಡು ಅಂಕಿ ಕೊಡಲು ಕಾರಣ ಬಹುಪಾಲು ಫೀಲ್ಡಿಂಗ್. ಈಗಿನ ಆಟದಲ್ಲಿ ಪ್ರತಿ ಚೆಂಡು ಎಲ್ಲಿ ಬಿತ್ತು ಎಂಬ ದಾಖಲೆ ಇದೆ. 1908ರಲ್ಲಿ ಇದ್ದದ್ದು ಹಿಡಿದ ಕ್ಯಾಚು, ಎಸೆದ ಚೆಂಡು, ಮಾಡಿದ ತಪ್ಪು, ಇವುಗಳ ಮೊತ್ತ ಅಷ್ಟೇ. ಪಿಚರ್ ನೆಲಕ್ಕೆ ಉರುಳುವ ಚೆಂಡು ಹೆಚ್ಚು ಹೊಡೆಸುವವನಾದರೆ ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ಗೆ (ವಾಗ್ನರ್‌ನ ಜಾಗ ಅದೇ) ಕೆಲಸ ಹೆಚ್ಚು, ಕೆಲಸ ಹೆಚ್ಚಾದವನಿಗೆ ಅಂಕಿ ಹೆಚ್ಚು. ಅದನ್ನು ಸೋಸಿ ತೆಗೆಯಲು ಪ್ರತಿಯೊಬ್ಬರದೂ ಒಂದೊಂದು ಜರಡಿ. ಹಾಗಾಗಿ 1920ಕ್ಕಿಂತ ಹಿಂದಿನವರ ವಾರ್‌ನಲ್ಲಿ ದಶಾಂಶ ಹಿಡಿದು ಜಗಳವಾಡುವುದು ವ್ಯರ್ಥ. ಐದು, ಆರು ಗೆಲುವಿನ ಅಂತರ ಅಂತರವೇ ಅಲ್ಲ. ತಾಣವು ಅಂಕಿಯನ್ನು 2020ರ ಆಟಗಾರನದ್ದರಷ್ಟೇ ಗಟ್ಟಿ ಎಂಬಂತೆ ಅದೇ ಅಚ್ಚಿನಲ್ಲಿ, ಅದೇ ದಶಾಂಶದಲ್ಲಿ ಕೊಡುವುದು ಅದರ ದೊಡ್ಡ ದೋಷ. ಅರ್ಧ ಅಂಕ ಕಳೆದದ್ದು ಇಲ್ಲಿಗೇ.

ವಾಗ್ನರ್ ಬೆಂಬಲಿಗರು 1909ರ ವರ್ಲ್ಡ್ ಸೀರೀಸ್, ಅಂದರೆ ಎರಡು ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿಯನ್ನು, ಎತ್ತುತ್ತಾರೆ. ಪಿಟ್ಸ್‌ಬರ್ಗ್ 4–3ರಲ್ಲಿ ಡೆಟ್ರಾಯಿಟ್‌ನ್ನು ಸೋಲಿಸಿತು, ವಾಗ್ನರ್ .333 ಹೊಡೆದು ಆರು ಬೇಸ್ ಕದ್ದ, ಕಾಬ್ .231. ನಿಜ, ಮೂರು ಸೀರೀಸ್ ಆಡಿ ಮೂರೂ ಸೋತ ಕಾಬ್‌ನ ಒಟ್ಟು ಸರಾಸರಿ .262. ಆದರೆ ಅದು 17 ಆಟದ ಮಾತು. 3,034 ಆಟದ ಎದುರು 17 ಆಟ ಇಟ್ಟು ತೂಗುವವರ ಜತೆ ಚಹಾ ಕುಡಿಯಬಹುದು, ವಾದ ಮಾಡಲಾಗದು.

ಈಗ ಬೇಸ್ ಕದಿಯುವ ಕಾಲಂ. ಕಾಬ್ ಹೆಸರು ಹೇಳಿದರೆ ಮೊದಲು ಕಣ್ಣಿಗೆ ಬರುವುದು ಕಾಲು ಮುಂದೆ ಚಾಚಿ ಜಾರುವ ಅವನ ಚಿತ್ರವೇ. 897 ಎಂದು ತಾಣ ಕೊಡುತ್ತದೆ. ಹಳೆಯ ಪುಸ್ತಕಗಳಲ್ಲಿ 892. ನೇರವಾಗಿ ಹೋಮ್ ಪ್ಲೇಟನ್ನೇ ಕದ್ದದ್ದು 54 ಸಲ. ಪ್ರಶ್ನೆ ಏನೆಂದರೆ, ಕದಿಯಲು ಹೋಗಿ ಸಿಕ್ಕಿಬಿದ್ದದ್ದು ಎಷ್ಟು ಸಲ? ಕದ್ದ ಬೇಸಿಗಿಂತ ಕಳೆದ ಔಟ್ ದುಬಾರಿ, ಸುಮಾರು 70 ಶೇಕಡಾ ಯಶಸ್ಸು ಇಲ್ಲದಿದ್ದರೆ ತಂಡಕ್ಕೆ ನಷ್ಟವೇ. ಅಮೆರಿಕನ್ ಲೀಗ್‌ನಲ್ಲಿ ಸಿಕ್ಕಿಬಿದ್ದ ಲೆಕ್ಕವನ್ನು ಪ್ರತಿ ವರ್ಷ ಬಿಡದೆ ಬರೆಯಲು ಶುರುವಾದದ್ದು 1920ರಿಂದ. ಅದಕ್ಕೆ ಹಿಂದೆ ಅಲ್ಲಲ್ಲಿ ಕೆಲವು ವರ್ಷ ಮಾತ್ರ. ಪುಣ್ಯಕ್ಕೆ 1915ರದ್ದು ಉಳಿದಿದೆ, 96 ಬೇಸ್ ಕದ್ದ ವರ್ಷ. ಸಿಕ್ಕಿಬಿದ್ದದ್ದು 38. ಅಂದರೆ 134ಕ್ಕೆ 96, ಸುಮಾರು 72 ಶೇಕಡಾ. 1962ರವರೆಗೆ ಯಾರೂ ಮುಟ್ಟದ ದಾಖಲೆಯ ವರ್ಷದಲ್ಲೇ ಲಾಭ ಅಷ್ಟಕ್ಕಷ್ಟೆ. ಇದರಲ್ಲಿ ಒಂದು ಬಲೆಯೂ ಇದೆ. ವೃತ್ತಿಯ ಮೊತ್ತದ ಸಾಲಿನಲ್ಲಿ 897ರ ಪಕ್ಕ ಸಿಕ್ಕಿಬಿದ್ದ ಒಂದು ಮೊತ್ತವೂ ಇರುತ್ತದೆ, ಎರಡನ್ನೂ ಹಿಡಿದು ಶೇಕಡಾ ತೆಗೆಯುವವರು ಬಹಳ. ಅದು ತಪ್ಪು. ಕದ್ದದ್ದು 24 ವರ್ಷದ ಮೊತ್ತ, ಸಿಕ್ಕಿಬಿದ್ದದ್ದು ದಾಖಲೆ ಇರುವ ವರ್ಷಗಳ ಮೊತ್ತ. ಖಾಲಿ ಚೌಕ ಸೊನ್ನೆಯಲ್ಲ. ಸಾಫ್ಟ್‌ಬಾಲ್ ಸ್ಕೋರ್‌ಶೀಟ್ ಬರೆಯುವ ಮಾಸ್ತರುಗಳಿಗೆ ಈ ವ್ಯತ್ಯಾಸ ಗೊತ್ತು, ಕ್ವಿಜ್ ಹುಡುಗರಿಗೆ ಹೇಳಿಕೊಡಬೇಕು.

ರನ್ ತಂದುಕೊಟ್ಟ ಕಾಲಂ, ಅದೇ ಆರ್‌ಬಿಐ, ಇದೂ ಹಾಗೆಯೇ. 1920ರವರೆಗೆ ಲೀಗ್ ಅದನ್ನು ಅಧಿಕೃತವಾಗಿ ಎಣಿಸುತ್ತಲೇ ಇರಲಿಲ್ಲ. ಕಾಬ್‌ನ ಹಳೆಯ ವರ್ಷಗಳ ಅಂಕಿ ಪತ್ರಿಕಾ ವರದಿಗಳಿಂದ ಆಮೇಲೆ ಕೂಡಿಸಿದ್ದು. 1909ರ 107 ಎಂಬುದನ್ನು ಸುಮಾರು 107 ಎಂದು ಓದಿಕೊಂಡರೆ ಸಾಕು.

ದಪ್ಪ ಅಕ್ಷರದ ವಿಚಾರಕ್ಕೆ ಬರೋಣ. ಯಾವ ವರ್ಷ ಯಾವ ಕಾಲಂನಲ್ಲಿ ಲೀಗಿಗೆ ಮೊದಲು ಬಂದನೋ ಅದನ್ನು ತಾಣ ದಪ್ಪಗೆ ಅಚ್ಚು ಮಾಡುತ್ತದೆ. ಕಾಬ್‌ನ ಪುಟ ನೋಡಿದರೆ ಮಸಿ ಚೆಲ್ಲಿದ ಹಾಗಿದೆ. ಈ ದಪ್ಪ ಅಕ್ಷರಗಳಿಗೇ ಅಂಕ ಕೊಡುವ ಕಪ್ಪು ಶಾಯಿ ಎಂಬ ಅಳತೆಯೂ ಇದೆ. ಅದರಲ್ಲಿ ರೂತ್‌ನ ಹಿಂದೆಯೇ ಕಾಬ್. ಚೆಂದವಾಗಿ ಕಾಣುತ್ತದೆ, ಆದರೆ ಅಂದು ಲೀಗ್‌ನಲ್ಲಿ ಇದ್ದದ್ದು ಎಂಟು ತಂಡ. ಎಂಟು ತಂಡದಲ್ಲಿ ಮೊದಲು ಬರುವುದಕ್ಕೂ ಈಗಿನ ಹದಿನೈದು ತಂಡದ ಲೀಗಿನಲ್ಲಿ ಮೊದಲು ಬರುವುದಕ್ಕೂ ವ್ಯತ್ಯಾಸವಿದೆ. ಇದೇ ಪುಟದ ಕೆಳಗಿರುವ ‘ಇವನಂಥ ಆಟಗಾರರು’ ಪಟ್ಟಿಯನ್ನು ಓದದೆ ಬಿಟ್ಟರೂ ನಷ್ಟವಿಲ್ಲ. ಅದು ಮೊತ್ತಗಳನ್ನು ಕಾಲಕ್ಕೆ ಹೊಂದಿಸದೆ ಹೋಲಿಸುತ್ತದೆ.

ಎಂಟು ತಂಡ ಎನ್ನುವುದಕ್ಕಿಂತ ಭಾರವಾದ ಮಾತು ಇನ್ನೊಂದು. ಆ ಎಂಟೂ ತಂಡಗಳಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. ಆ ಗೋಡೆ ಒಡೆದ ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್ ಬಂದದ್ದು 1947ರಲ್ಲಿ, ಕಾಬ್ ಬ್ಯಾಟು ಇಟ್ಟು 19 ವರ್ಷದ ಮೇಲೆ. ಎದುರಾಳಿಗಳಲ್ಲಿ ಒಂದು ಪಾಲು ಹೊರಗೇ ಇದ್ದಾಗ ಪಡೆದ ಮೊದಲ ಸ್ಥಾನ ಅದು. ಓಪಿಎಸ್ ಪ್ಲಸ್ ಕೂಡ ಇದನ್ನು ಸರಿಪಡಿಸುವುದಿಲ್ಲ. ಅದು ಹೋಲಿಸುವುದು ಲೀಗಿನೊಳಗೆ ಇದ್ದವರ ಜತೆ ಮಾತ್ರ. 2020ರ ಕೊನೆಗೆ ಮೇಜರ್ ಲೀಗ್ ಬೇಸ್‌ಬಾಲ್ 1920ರಿಂದ 1948ರವರೆಗಿನ, ಕಪ್ಪು ಆಟಗಾರರ ಏಳು ನೀಗ್ರೋ ಲೀಗ್‌ಗಳನ್ನು ಮೇಜರ್ ಎಂದು ಒಪ್ಪಿತು. ಬೇಸ್‌ಬಾಲ್ ರೆಫರೆನ್ಸ್ 2021ರಲ್ಲೇ ಆ ಅಂಕಿಗಳನ್ನು ಸೇರಿಸಿತು, ಮೇಜರ್ ಲೀಗ್‌ನ ಅಧಿಕೃತ ದಾಖಲೆಗೆ ಅವು ಬಂದದ್ದು 2024ರ ಮೇ ತಿಂಗಳಲ್ಲಿ. ಆ ದಿನ ಕಾಬ್‌ನ .367 ಎರಡನೆಯ ಸ್ಥಾನಕ್ಕೆ ಇಳಿಯಿತು; .372ರೊಂದಿಗೆ ನೀಗ್ರೋ ಲೀಗ್‌ನ ಜಾಶ್ ಗಿಬ್ಸನ್ ಮೇಲೆ ಕೂತ. ಗಿಬ್ಸನ್‌ನ ದಾಖಲಾದ ಆಟಗಳು ಕಾಬ್‌ನದಕ್ಕಿಂತ ಬಹಳ ಕಡಿಮೆ ಎಂದು ತಕರಾರು ತೆಗೆಯುವವರಿದ್ದಾರೆ. ಕಡಿಮೆ ಇದ್ದದ್ದಕ್ಕೆ ಕಾರಣ ಯಾರು ಎಂದು ತಿರುಗಿ ಕೇಳಿದರೆ ತಕರಾರು ಅಲ್ಲಿಗೇ ನಿಲ್ಲುತ್ತದೆ. ಸರಾಸರಿ ಪಟ್ಟಿ ತೆರೆಯುವಾಗ ಕನಿಷ್ಠ ಎಷ್ಟು ಸಲ ಬ್ಯಾಟ್ ಮಾಡಿರಬೇಕು ಎಂಬ ಷರತ್ತನ್ನು ಪಟ್ಟಿಯ ತಲೆಯಲ್ಲೋ ಕಾಲಲ್ಲೋ ಬರೆದಿರುತ್ತಾರೆ, ಮೊದಲು ಅದನ್ನು ಓದಬೇಕು. ಮಿತಿ ಬದಲಾದರೆ ಮೊದಲಿಗನೂ ಬದಲಾಗುತ್ತಾನೆ.

ಮನುಷ್ಯ ಹೇಗಿದ್ದ ಎಂಬುದಕ್ಕೆ ಈ ತಾಣಕ್ಕೆ ಬರಬಾರದು. 1912ರ ಮೇ 15ರಂದು ನ್ಯೂಯಾರ್ಕಿನಲ್ಲಿ ಬೈಯುತ್ತಿದ್ದ ಪ್ರೇಕ್ಷಕನೊಬ್ಬನನ್ನು ಗ್ಯಾಲರಿಗೆ ನುಗ್ಗಿ ಹೊಡೆದ, ಆ ಮನುಷ್ಯನಿಗೆ ಒಂದು ಕೈ ಇರಲಿಲ್ಲ, ಇನ್ನೊಂದರಲ್ಲಿ ಬೆರಳುಗಳು ಹೋಗಿದ್ದವು. ಕಾಬ್‌ನನ್ನು ಅಮಾನತು ಮಾಡಿದ್ದಕ್ಕೆ ತಂಡವೇ ಮುಷ್ಕರ ಹೂಡಿತು; ಮೂರು ದಿನದ ಮೇಲೆ ಫಿಲಡೆಲ್ಫಿಯಾದಲ್ಲಿ ಸಿಕ್ಕಸಿಕ್ಕವರನ್ನು ಸೇರಿಸಿ ಇಳಿಸಿದ ಡೆಟ್ರಾಯಿಟ್ ತಂಡ 24–2ರಲ್ಲಿ ಸೋತಿತು. ದಿನವಹಿಯಲ್ಲಿ ಆ ಆಟ ಕಾಬ್‌ನ ಹೆಸರಿಗೆ ಕಾಣುವುದಿಲ್ಲ, ಅಷ್ಟೇ ಗೊತ್ತಾಗುವುದು.

ಬಳಕೆಯ ಕಷ್ಟಸುಖ. ಪೂರ್ತಿ ಇಂಗ್ಲಿಷ್, ಕನ್ನಡವಿಲ್ಲ. ಬ್ರೌಸರಿನ ಅನುವಾದ ಒತ್ತದಿರುವುದೇ ಲೇಸು. ವಾಕ್‌ನ್ನು ನಡಿಗೆ ಎಂದು ಓದಿಕೊಂಡರೆ ಆಟವೇ ಬೇರೆಯಾಗುತ್ತದೆ. ಸಂಕ್ಷೇಪ ಅರ್ಥವಾಗದಿದ್ದರೆ ಪಟ್ಟಿಯ ಮೇಲಿರುವ ಗ್ಲಾಸರಿ ಗುಂಡಿ ಒತ್ತಿದರೆ ಪ್ರತಿ ಕಾಲಂನ ವಿವರಣೆ ಬರುತ್ತದೆ. ಫೋನಿನಲ್ಲಿ ಪಟ್ಟಿ ಅಗಲವಾಗಿ ಹೊರಗೆ ಹೋಗುತ್ತದೆ, ಅಡ್ಡ ಹಿಡಿದರೆ ಓಪಿಎಸ್ ಪ್ಲಸ್‌ವರೆಗೆ ಒಂದೆರಡು ಎಳೆತದಲ್ಲಿ ತಲುಪಬಹುದು. ಪುಟದಲ್ಲಿ ಜಾಹೀರಾತು ಉಂಟು.

ಪಟ್ಟಿಯನ್ನು ಎಕ್ಸೆಲ್‌ಗೆ ಒಯ್ಯಲು ಶೇರ್ ಮೆನುವಿನಲ್ಲಿ ಸಿಎಸ್‌ವಿ ಎಂಬುದನ್ನು ಒತ್ತಿ, ಬರುವ ಅಕ್ಷರರಾಶಿಯನ್ನು ನಕಲಿಸಿ ಉಳಿಸಬೇಕು. ಇಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಮೊದಲನೆಯದು, ಹಾಲ್ ಆಫ್ ಫೇಮ್ ಸೇರಿದವರ ಹೆಸರಿನ ಬಾಲಕ್ಕೆ ಕೂಡು ಚಿಹ್ನೆ (+) ಅಂಟಿರುತ್ತದೆ. ಎರಡು ಪಟ್ಟಿಯನ್ನು ಹೆಸರಿನಿಂದ ಜೋಡಿಸಲು ಹೋದರೆ ಒಂದರಲ್ಲಿ ಕಾಬ್, ಇನ್ನೊಂದರಲ್ಲಿ ಕಾಬ್ ಕೂಡು ಎಂದಾಗಿ ಹೊಂದುವುದೇ ಇಲ್ಲ; ಮೊದಲು ಆ ಚಿಹ್ನೆ ಅಳಿಸಬೇಕು. ಎರಡನೆಯದು, ಖಾಲಿ ಚೌಕಗಳು ಮೊತ್ತದಲ್ಲಿ ಸೊನ್ನೆಯಂತೆಯೇ ನಡೆದುಕೊಳ್ಳುತ್ತವೆ, ಮೇಲೆ ಹೇಳಿದ ಬೇಸ್ ಕದ್ದ ಲೆಕ್ಕ ಕೆಡುವುದು ಹೀಗೆಯೇ. ಆ ಕಾಲಂನಲ್ಲಿ ಖಾಲಿ ಇರುವ ವರ್ಷಗಳ ಸಾಲುಗಳನ್ನು ಪೂರ್ತಿ ತೆಗೆದ ಮೇಲೆ ಶೇಕಡಾ ಹಾಕಬೇಕು. ಕಾಲೇಜು ಲ್ಯಾಬಿನಲ್ಲಿ ಮೂವತ್ತು ಜನ ಒಂದೇ ಸಂಪರ್ಕದಲ್ಲಿ ಕೂತು ಪುಟದ ಮೇಲೆ ಪುಟ ತೆರೆಯುವುದೂ ಬೇಡ. ಒಂದೇ ವಿಳಾಸದಿಂದ ಅತಿಯಾಗಿ ಕೋರಿಕೆ ಬಂದರೆ ಯಂತ್ರದ ಕೆಲಸ ಎಂದು ತಿಳಿದು ತಾಣ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ. ಒಬ್ಬರು ಇಳಿಸಿಕೊಂಡು ಉಳಿದವರಿಗೆ ಹಂಚುವುದು ಸರಿಯಾದ ಕ್ರಮ.

ಸ್ಟ್ಯಾಟ್‌ಹೆಡ್ ಎಂಬ ದುಡ್ಡಿನ ಸೇವೆಯೊಂದು ಪಕ್ಕದಲ್ಲೇ ಇದೆ. ‘1901ರಿಂದ 1919ರವರೆಗೆ ಓಪಿಎಸ್ ಪ್ಲಸ್ 150 ದಾಟಿದ ಸೀಸನ್‌ಗಳು’ ಎಂಬಂಥ ಪ್ರಶ್ನೆಗೆ ಅದು ಚಿಟಿಕೆಯಲ್ಲಿ ಪಟ್ಟಿ ಕೊಡುತ್ತದೆ. ಶುಲ್ಕ ಡಾಲರಿನಲ್ಲಿ, ಕಾರ್ಡಿನಲ್ಲಿ ವಿದೇಶಿ ವಹಿವಾಟು ತೆರೆದಿರಬೇಕು. ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ಅದು ಸಾಮಾನ್ಯವಾಗಿ ಮುಚ್ಚಿಯೇ ಬಂದಿರುತ್ತದೆ. ಕಾಬ್, ರೂತ್, ವಾಗ್ನರ್, ಲಾಜೊಯ್, ಕಾಬ್ ಕಾಲದವನೇ ಆದ ಟ್ರಿಸ್ ಸ್ಪೀಕರ್, ಈ ಐವರ ವಾದಕ್ಕೆ ಅದು ಬೇಡ. ಐದು ಪುಟ, ಐದು ಲೀಗ್ ವರ್ಷ, ಒಂದು ಹಾಳೆ ಸಾಕು. ಹಾಳೆಯಲ್ಲಿ ನಾಲ್ಕೇ ಕಾಲಂ: ಆಟಗಳ ಸಂಖ್ಯೆ, ಓಪಿಎಸ್ ಪ್ಲಸ್, ಆಡಿದ ಜಾಗ, 150 ಆಟಕ್ಕೆ ವಾರ್ ಎರಡೂ ತಾಣದ್ದು. ವಾಗ್ನರ್ ಶಾರ್ಟ್‌ಸ್ಟಾಪ್, ಕಾಬ್ ಹೆಚ್ಚಾಗಿ ಸೆಂಟರ್ ಫೀಲ್ಡ್ ಎಂದು ಬರೆದ ಮೇಲೆ 151ಕ್ಕೂ 168ಕ್ಕೂ ನಡುವಿನ 17ರ ಅಂತರ ಎಷ್ಟು ಕರಗುತ್ತದೆ ಎಂಬಲ್ಲಿಂದ ಜಗಳ ಶುರು ಮಾಡಬಹುದು. ಶಾರ್ಟ್‌ಸ್ಟಾಪ್‌ನಲ್ಲಿ ನಿಂತು 151 ಹೊಡೆಯುವವನು ಸಿಗುವುದು ಬಲು ಅಪರೂಪ.